ಸಾವಿನ ಮನೆಗೆಂದು ಬಂದ ರೊಟ್ಟಿ

ಪುಂಡಿಪಲ್ಯ ಕುದಿಯುವ ಹುಳಿವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ತೆಕ್ಕಲಕೋಟೆಯ ನಮ್ಮ ಪಡಸಾಲೆ ನೆನಪಾಗುತ್ತದೆ.

ಅಂದು ಶಾಲೆಯಲ್ಲಿ ಹದಿಮೂರರ ಮಗ್ಗಿ ಬಾರದೆ ನಿಂತಿದ್ದೆ. ಮಾಸ್ತರರು ಬೆತ್ತ ಎತ್ತಿದಾಗ, "ನಮ್ಮಜ್ಜಿ ಸತ್ತಾಳ್ರಿ" ಎಂದುಬಿಟ್ಟೆ. ಅವರು ಬೆತ್ತ ಕೆಳಗಿಟ್ಟು, ನನ್ನ ತಲೆ ಸವರಿ, ಮನೆಗೆ ಹೋಗು ಎಂದರು. ಹೋಗಲು ಧೈರ್ಯವಾಗದೆ ಕಾಲುವೆಯ ದಂಡೆಯಲ್ಲಿ ಕೂತಿದ್ದು, ಊಟದ ಹೊತ್ತು ಮೀರಿದ ಮೇಲೆ ಮನೆಗೆ ಬಂದೆ.

ಅಜ್ಜಿ ಪಡಸಾಲೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಬಾಗಿಲಲ್ಲಿ ಹಿಂದಿನ ಓಣಿಯ ಕಾಸಿಂಬಿ ನಿಂತಿದ್ದಳು. ಅವಳ ಮಗಳು ನನ್ನ ತರಗತಿಯವಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಕಾಸಿಂಬಿ ಬುಟ್ಟಿಯ ತುಂಬ ಜೋಳದ ರೊಟ್ಟಿ, ಗಡಿಗೆಯಲ್ಲಿ ಪುಂಡಿಪಲ್ಯ ಹೊತ್ತು ತಂದಿದ್ದಳು. ಅತ್ತೂ ಅತ್ತೂ ಅವಳ ಕಣ್ಣುಗಳು ಕೆಂಪಾಗಿದ್ದವು.

"ನೀ ಹೋದಿ ಅಂತ ಈಕಿನ ಸಾಲ್ಯಾಗ ಹೇಳ್ಯಾಳಂತ, ಯವ್ವಾ," ಎಂದಳು ನನ್ನ ಕಡೆ ಕೈ ತೋರಿಸಿ.

ಅಜ್ಜಿ ನನ್ನನ್ನು ಒಮ್ಮೆ ನೋಡಿ, ಎದ್ದು ಬುಟ್ಟಿ ಇಳಿಸಿಕೊಂಡಳು. "ಬಾ, ಕೂಡು. ಬಿಸಿ ಐತಿ, ಎಲ್ಲಾರೂ ಉಣ್ಣೋಣು."

ತಾನೇ ಮೊದಲು ತುತ್ತು ಮುರಿದಳು. ನನಗೂ ಬಡಿಸಿದಳು. ನಾನು ರೊಟ್ಟಿಯನ್ನು ಚೂರು ಚೂರು ಮಾಡುತ್ತ ಕೂತೆ.

ಕಾಸಿಂಬಿ ಹೋದ ಮೇಲೆ ಅಜ್ಜಿ, ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದಳು: "ಹೇಳುವಾಗ ಅಳು ಬಂತೇನು ನಿನಗ?"

"ಬಂತು," ಎಂದೆ.

ಬಂದಿರಲಿಲ್ಲ. ಅಜ್ಜಿ ತನ್ನ ತಾಟಿನಲ್ಲಿ ಉಳಿದಿದ್ದ ರೊಟ್ಟಿಯನ್ನೂ ನನ್ನ ತಾಟಿಗೆ ಹಾಕಿದಳು.