ಉಪ್ಪಿಲ್ಲದ ಗಂಜಿ

ಸಿಯೋಕ್ ಹ್ವಾ ಬಾಯಿ ತೆರೆಯುವ ಮೊದಲೇ ಮೀನಿನ ಗಂಜಿ ಪಾರ್ಸೆಲ್ ಆಗಿಬಿಟ್ಟಿತ್ತು. ಸಾಲಿನಲ್ಲಿ ಅವಳ ಮುಂದೆ ಇನ್ನೂ ಜನರಿದ್ದರು. ಅವರ ತಲೆಗಳ ಮೇಲಿಂದಲೇ ಗಂಜಿ ಮಾರುವ ಹಾಕ್ ಸೆಂಗ್ ಅವಳ ಗುರುತು ಹಿಡಿದು, ಬೇರೆಯಾಗಿಟ್ಟಿದ್ದ ಸಣ್ಣ ಪಾತ್ರೆಯನ್ನು ಒಲೆಗೇರಿಸಿ, ಮುಳ್ಳು ತೆಗೆದ ಮೀನು ಹಾಕಿ ಕುದಿಸಿ, ಡಬ್ಬಿಗೆ ಸುರಿದು ಮುಚ್ಚಳ ಒತ್ತಿದ.

"ಏನ್ ತಂಗಿ, ವಾರದಿಂದ ಪತ್ತೇನೇ ಇಲ್ಲ? ಅಮ್ಮಾವ್ರು ಬೇರೆ ಅಂಗಡಿ ಹಿಡಿದ್ರೋ ಹೇಗೆ?"

"ಹಾಗೇನಿಲ್ಲಣ್ಣ."

"ಮತ್ತೆ, ಹೋದ್ಸಲದ ಗಂಜಿಗೆ ಏನಂದ್ರು? ಸಮುದ್ರಾನೇ ಸುರಿದಿದೀನಿ ಅಂತ ಹೇಳಿಕಳಿಸಿದ್ನಲ್ಲ."

"ಹಾಗಾದ್ರೆ ಸಮುದ್ರಕ್ಕೂ ವಯಸ್ಸಾಯ್ತು ಅನ್ನು ಅವನಿಗೆ, ಅಂದಳು ಅಮ್ಮ."

ಹಾಕ್ ಸೆಂಗ್ ಸೌಟು ಹಿಡಿದೇ ನಕ್ಕ. ಸಾಲಿನಲ್ಲಿದ್ದ ಇಬ್ಬರು ಏನೂ ಅರ್ಥವಾಗದಿದ್ದರೂ ನಕ್ಕರು. ಅಮ್ಮ ಆ ಮಾತು ಆಡಿದ್ದು ನಿಜ. ಅದಾದ ಮರುದಿನವೇ ತೀರಿಕೊಂಡಳು. ಅಷ್ಟನ್ನು ಹೇಳುವ ಚೈತನ್ಯ ಸಿಯೋಕ್ ಹ್ವಾಗೆ ಇರಲಿಲ್ಲ. ಹೇಗಾಯ್ತು, ಯಾವಾಗ ಆಯ್ತು, ನರಳಿದ್ರಾ ಎಂಬ ಪ್ರಶ್ನೆಗಳಿಗೆ ವಾರವಿಡೀ ಉತ್ತರ ಕೊಟ್ಟು ನಾಲಿಗೆ ಸೋತಿತ್ತು. ನೋಡಿಕೊಂಡವಳು ಮದುವೆಯಾಗದ ಮಗಳಾದ ಅವಳೇ ಆದರೂ, ಕಡೆಯ ದರ್ಶನಕ್ಕೆ ಶವಪೆಟ್ಟಿಗೆ ಇಟ್ಟದ್ದು ಊರಿನ ಆ ತುದಿಯಲ್ಲಿ, ದೊಡ್ಡ ಮಗ ಇರುವ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ. ಹಾಗಾಗಿ ತೋವಾ ಪಾಯೋ ಬಡಾವಣೆಯಲ್ಲಿ, ಅವಳ ಮನೆಯ ಕೆಳಗಿನ ಈ ಕಾಫಿ ಅಂಗಡಿಯ ಮಳಿಗೆಗಳಲ್ಲಿ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ತೋಳಿಗೆ ಪಿನ್ ಮಾಡಿದ್ದ ಸೂತಕದ ಕಪ್ಪು ಬಟ್ಟೆಚೂರು ಕಾಣದಿರಲಿ ಎಂದೇ ಅವಳು ಈ ಸೆಕೆಯಲ್ಲೂ ಜಾಕೆಟ್ ಹಾಕಿಕೊಂಡು ಇಳಿದು ಬಂದಿದ್ದಳು.

ಬಂದದ್ದು ಗಂಜಿಗಲ್ಲ. ಇವತ್ತೊಂದು ಸಂಜೆಯಾದರೂ ಎಲ್ಲರ ಹಾಗೆ ಕೂತು, ಬಿಸಿ ಆರುವ ಮೊದಲು, ಯಾರೂ ಒಳಗಿಂದ ಕೂಗದೆ, ತನಗಿಷ್ಟವಾದ ಹುರಿದ ನೂಡಲ್ಸ್ ತಿನ್ನಬೇಕೆಂದು ಬಂದಿದ್ದಳು. ಫ್ಯಾನಿನ ಕೆಳಗಿನ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟು ಜಾಗವನ್ನೂ ಹಿಡಿದಿದ್ದಳು. ಆದರೆ ಕಾಲು ರೂಢಿಯಂತೆ ಗಂಜಿಯ ಸಾಲಿಗೇ ಬಂದು ನಿಂತಿತ್ತು. ಬೇಡ ಎಂದರೆ ಕಾರಣ ಹೇಳಬೇಕು. ಅದಕ್ಕಿಂತ ಗಂಜಿಯೇ ವಾಸಿ ಎಂದು ಡಬ್ಬಿ ತೆಗೆದುಕೊಂಡಳು.

ಕಾಫಿಯವಳೂ ಅಷ್ಟೆ. ಇವಳನ್ನು ಕಂಡದ್ದೇ ಪ್ಲಾಸ್ಟಿಕ್ ಚೀಲಕ್ಕೆ ಕಾಫಿ ಸುರಿದು, ದಾರ ಬಿಗಿದು ಕೈಗಿತ್ತಳು. "ಓಡು ಓಡು, ಮೇಲೆ ನಿಮ್ಮಮ್ಮ ಕಾಯ್ತಿರ್ತಾರೆ." ಸಿಯೋಕ್ ಹ್ವಾ ತಲೆಯಾಡಿಸಿ, ಓಡದೆ, ಹೋಗಿ ಮೇಜಿನ ಮುಂದೆ ಕೂತಳು. ಕಾಫಿ ಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದಳು. ಸೆಕೆ ತಡೆಯಲಾಗದೆ ಜಾಕೆಟ್ಟನ್ನೂ ಬಿಚ್ಚಿದಳು. ಇಷ್ಟು ದಣಿದ ಮೇಲೆ ಯಾರು ನೋಡಿದರೇನು ಎನಿಸಿತ್ತು.

ಡಬ್ಬಿ ತೆರೆದು ಗಂಜಿಯ ಮೊದಲ ಚಮಚ ಬಾಯಿಗಿಟ್ಟಳು. ಎರಡನೆಯದನ್ನೂ ತಿಂದು ನೋಡಿದಳು. ಬಿಸಿ ಇತ್ತು, ಮೀನು ಮೃದುವಾಗಿತ್ತು, ರುಚಿ ಮಾತ್ರ ಸೊನ್ನೆ. ಅಮ್ಮನ ಕಿಡ್ನಿ ಕೆಟ್ಟಾಗ ಉಪ್ಪು ಮುಟ್ಟಿಸಬೇಡಿ ಎಂದಿದ್ದರು ಡಾಕ್ಟರು. ಆ ಮಾತನ್ನು ಅಮ್ಮನಿಗೆ ಹೇಳಿದ್ದರೆ ಆಕೆ ಹಟಕ್ಕೆ ಉಪವಾಸ ಕೂರುವವಳು. ಅದಕ್ಕೇ ಹಾಕ್ ಸೆಂಗ್ ಮತ್ತು ಇವಳು ಗುಟ್ಟಾಗಿ ಸೇರಿ, ಸಣ್ಣ ಪಾತ್ರೆಯಲ್ಲಿ ಉಪ್ಪಿಲ್ಲದೆ ಬೇಯಿಸುವ ಈ ಏರ್ಪಾಡು ಮಾಡಿಕೊಂಡಿದ್ದರು. ಉಪ್ಪು ಕಮ್ಮಿ ಎಂದು ಅಮ್ಮ ದಿನಾ ಗೊಣಗುವಳು. ಉಪ್ಪು ಸರಿಯಾಗಿಯೇ ಇದೆ, ಕೆಟ್ಟಿರೋದು ನಿನ್ನ ನಾಲಿಗೆ ಎಂದು ಇವಳು ದಿನಾ ಬಾಯಿ ಮುಚ್ಚಿಸುವಳು. ಅಮ್ಮನಿಗೆ ತಿನ್ನಿಸಿ, ಬಾಯಿ ಒರೆಸಿ, ತಾನು ಬ್ರೆಡ್ಡು ತಿಂದು ಮಲಗುತ್ತಿದ್ದವಳು ಆ ಗಂಜಿಯ ಒಂದು ಹನಿಯನ್ನೂ ಬಾಯಿಗಿಟ್ಟು ನೋಡಿರಲಿಲ್ಲ.

ಸೋಯಾ ಸಾಸಿನ ಬಾಟಲಿ ಮೇಜಿನ ಮೇಲೇ ಇತ್ತು. ಕೈ ಅತ್ತ ಹೋಗಿ ಹಿಂದಕ್ಕೆ ಬಂತು.

"ಇದೇನು, ಇಲ್ಲೇ ಕೂತು ತಿಂತಿದೀಯಾ? ಅಮ್ಮಾವ್ರ ಪಾಲಿಗೇ ಕೈ ಹಾಕಿದ್ಯಲ್ಲ," ಎನ್ನುತ್ತಾ ಖಾಲಿ ಬಟ್ಟಲು ಎತ್ತಲು ಬಂದ ಹಾಕ್ ಸೆಂಗ್‌ನ ಕಣ್ಣು ಅವಳ ತೋಳಿನ ಕಪ್ಪು ಬಟ್ಟೆಚೂರಿನ ಮೇಲೆ ನಿಂತಿತು. ಅವನು ಬಟ್ಟಲುಗಳನ್ನು ಅಲ್ಲೇ ಇಟ್ಟ. ವ್ಯಾಪಾರದ ಹೊತ್ತಿನಲ್ಲಿ ಎಂದೂ ಕೂರದವನು ಎದುರಿನ ಕುರ್ಚಿಯಲ್ಲಿ ಕೂತ. ಅಂಗಡಿಯ ಮುಂದಿನ ಸಾಲು ಕಾಯುತ್ತಲೇ ಇತ್ತು.

"ಯಾವಾಗ?" ಎಂದು ಕೇಳಹೊರಟವನು, ಅವಳ ಮುಖ ನೋಡಿ ಬೇರೆಯೇ ಕೇಳಿದ. "ಕೊನೇಲಿ ಏನಾದ್ರೂ ಅಂದ್ರಾ ತಂಗಿ?"

"ಉಪ್ಪು ಕಮ್ಮಿ ಅಂದಳು," ಎಂದು ಸಿಯೋಕ್ ಹ್ವಾ ಡಬ್ಬಿಯನ್ನು ಅವನತ್ತ ತಳ್ಳಿದಳು. "ತಿಂದು ನೋಡಿ ಅಣ್ಣ."

ಆ ಸಣ್ಣ ಪಾತ್ರೆಯ ಗಂಜಿಯನ್ನು ಅವನೂ ಎಂದೂ ರುಚಿ ನೋಡಿದವನಲ್ಲ. ಒಂದು ಚಮಚ ಬಾಯಿಗೆ ಹಾಕಿಕೊಂಡ. ನುಂಗಲು ತಡವಾಯಿತು.

"ಇದನ್ನ ದಿನಾ ತಿಂತಿದ್ರಾ?"

"ದಿನಾ," ಎಂದಳು ಅವಳು. "ನಿಮ್ಮನ್ನ ಬೈಕೊಂಡು, ನನ್ನನ್ನ ಬೈಕೊಂಡು, ಒಂದು ಅಗುಳೂ ಬಿಡದ ಹಾಗೆ."