ಛತ್ರದ ಬಲಗಡೆ

ಕಡ್ಲೆಪುರಿ ಮಾರುವ ಹೆಂಗಸಿನ ಮಾತಿಗಿಂತ ಗೋಡೆಗೆ ತೂಗುಹಾಕಿದ ಪಟವನ್ನೇ ನೀವು ಮೊದಲು ನಂಬುವುದಿಲ್ಲವೆ? ಇಲ್ಲವೆಂದು ಹೇಳಿ ನಿಮ್ಮನ್ನು ನೀವೇ ವಂಚಿಸಿಕೊಳ್ಳಬೇಡಿ. ಆ ಸೋಮವಾರ ಕೃಷ್ಣರಾಜಪೇಟೆಯ ಸಭಾಂಗಣದಲ್ಲಿ ನೆರೆದಿದ್ದ ವಿದ್ಯಾವಂತರೆಲ್ಲರೂ ಮಾಡಿದ್ದು ಅದನ್ನೇ.

ಪರಂಪರಾ ಸಮಿತಿಯವರು ಪೇಟೆಯ ನಲವತ್ತು ಹಳೆಯ ಛಾಯಾಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಸಾಲಾಗಿ ನೇತುಹಾಕಿದ್ದರು. ಅಕ್ಕಿ ಗಿರಣಿ, ಕ್ಷೌರದಂಗಡಿ, ಸಂತೆಬಾಚಹಳ್ಳಿಗೆ ಹೊರಟ ದನಗಳು, ಕಿಕ್ಕೇರಿ ಬಸ್ಸಿನ ನೆತ್ತಿಯ ಮೇಲೆ ಕುಳಿತ ಜನ. ಜನ ನಿಂತದ್ದು ಮಾತ್ರ ಹದಿನೇಳನೆಯ ಚಿತ್ರದ ಮುಂದೆ. ಅರವತ್ತು ವರ್ಷ ಹಿಂದಿನ ಛತ್ರ. ಮೂರು ಕಮಾನು, ಈ ಬದಿಯ ಕಮಾನಿಗೆ ಆ ಬದಿಯದು ಅವಳಿ. ಎಡಗಡೆ ಗರಿಯ ಚಪ್ಪರದಡಿ ಒಂದು ಪುರಿ ಅಂಗಡಿ. ಬಲಗಡೆ ಬರಿಯ ಮಣ್ಣು, ಮೂಕಿ ಊರಿ ನಿಂತ ಒಂದು ಎತ್ತಿನ ಗಾಡಿ.

ಇಂದು ಛತ್ರಕ್ಕೆ ಎದುರಾಗಿ ನಿಂತರೆ ಎಡಗಡೆ ಕಾಣುವುದು ಸಮಿತಿಯ ಅಧ್ಯಕ್ಷ ರವೀಂದ್ರರ ಮೂರು ಅಂತಸ್ತಿನ ಕಾಂಪ್ಲೆಕ್ಸು. ಬಲಗಡೆ ಮಂಚಮ್ಮನ ತಗಡಿನ ಪುರಿ ಅಂಗಡಿ. ಛತ್ರದ ದುರಸ್ತಿಗೆ ಮುನ್ನ ಒತ್ತುವರಿ ತೆರವಾಗಬೇಕಿತ್ತು. ಆ ತಗಡು ಬಿದ್ದರೆ ಮಂಚಮ್ಮನಿಗೆ ಬೇರೆ ಜೀವನವಿರಲಿಲ್ಲ. ಅವಳ ಪರವಾಗಿ ನೆನಪು ಹೇಳಬಲ್ಲ ಹಳಬರೂ ಉಳಿದಿರಲಿಲ್ಲ.

ರವೀಂದ್ರರು ಬೆತ್ತದ ತುದಿಯಿಂದ ಗಾಜನ್ನು ತಟ್ಟಿದರು.

"ನೋಡಿ, ಎಡಗಡೆ ಇರೋದು ನಮ್ಮ ತಂದೆಯವರ ಜಾಗ. ಪಾಪ ಅಂತ ಈಕೆ ಅತ್ತೇನ ಕೂರೋಕೆ ಬಿಟ್ಟಿದ್ರು. ಬಲಗಡೆ ಖಾಲಿ. ಆಮೇಲೆ ಯಾವಾಗಲೋ ಆ ಕಡೆ ಹಾರಿ ಸರ್ಕಾರದ ನೆಲ ಹಿಡ್ಕೊಂಡವ್ರೆ."

"ನಮ್ಮತ್ತೆ ಬಲಗಡೆ ಬುಟ್ಟು ಒಂದಿನ ಅಲ್ಲಾಡಿದೋಳಲ್ಲ, ಯಜಮಾನ್ರೇ," ಎಂದಳು ಮಂಚಮ್ಮ.

"ಅಂಗಾದ್ರೆ ಗಾಡಿ ಕೆಳ್ಗೆ ಅವಿತ್ಕಂಡವ್ಳಾ, ಕರೆಯಮ್ಮೋ ಈಚೆಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭ್ಯರ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ರವೀಂದ್ರರಿಗೆ ಅಷ್ಟು ಸಾಲಲಿಲ್ಲ. ಸತ್ತವಳನ್ನೂ ಹೀಯಾಳಿಸಬೇಕಿತ್ತು. ಬೆತ್ತ ಚಿತ್ರದಲ್ಲಿದ್ದ ಮಂಚಮ್ಮನ ಅತ್ತೆಯ ಮೇಲೆ ನಿಂತಿತು. "ಪುರಿ ಅಳೆದು ಕೊಡ್ತಿರೋದು ನೋಡಿ, ಎಡಗೈಲಿ! ತಗೊಳೋನೂ ಎಡಗೈನೇ ಚಾಚವ್ನೆ. ನಡತೆ ಅನ್ನೋದೇ ಇರಲಿಲ್ಲ ಈ ಜನಕ್ಕೆ." ಚಿತ್ರದ ಕೆಳಗೂ ಅವರು ಬರೆಸಿದ್ದು ಅದನ್ನೇ: 'ಶಿಷ್ಟಾಚಾರವರಿಯದ ಅಂದಿನ ಜನ.' ಕೊಡುವ ಕೈ ಯಾವುದೆಂದು ಮೂರು ವರ್ಷದ ಮಗುವಿಗೂ ಗದರಿ ಕಲಿಸುವ ಊರಿನಲ್ಲಿ ಈ ಒಕ್ಕಣೆಯನ್ನು ಓದಿ ಒಬ್ಬರೂ ತಲೆತಗ್ಗಿಸಲಿಲ್ಲ. ಶಾಲಾ ಮಾಸ್ತರರೊಬ್ಬರಂತೂ ಅದನ್ನು ಟಿಪ್ಪಣಿ ಮಾಡಿಕೊಂಡರು.

ಮಂಚಮ್ಮ ಪಟದ ಹತ್ತಿರಕ್ಕೆ ಹೋದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು.

"ಆಗ್ಲಿ ಬುಡಿ ಯಜಮಾನ್ರೇ," ಎಂದಳು ತಿರುಗಿ. "ಅಸಲಿ ಪಟ ಏನೇಳ್ತದೋ ಅಂಗೇ ಆಗ್ಲಿ. ಅಂಗೇ ಬರಸ್ಬುಡಿ."

ರವೀಂದ್ರರು ಸರ್ಕಾರಕ್ಕೆ ಅರ್ಜಿ ಬರೆಸಿದರು. ತಮಗೆ ಯಾರ ಮೇಲೂ ದ್ವೇಷವಿಲ್ಲವೆಂದು ಲೋಕಕ್ಕೆ ತೋರಿಸುವ ಚಪಲ ಅವರಿಗೆ. ಆದ್ದರಿಂದ ಅರ್ಜಿಯಲ್ಲಿ ಯಾರ ಹೆಸರೂ ಇರಲಿಲ್ಲ. 'ಈ ಛಾಯಾಚಿತ್ರದ ಮೂಲ ಪ್ರತಿಯೇ ಅಂತಿಮ ಸಾಕ್ಷ್ಯ. ಅದರಲ್ಲಿ ಛತ್ರದ ಯಾವ ಬದಿ ಖಾಲಿಯಿದೆಯೋ, ಆ ಬದಿಯಲ್ಲಿ ಇಂದು ಏನೇ ಕಟ್ಟಿದ್ದರೂ, ಯಾರದೇ ಆಗಿದ್ದರೂ, ಒತ್ತುವರಿಯೆಂದು ತೆರವುಗೊಳಿಸಬೇಕು.'

ಗುರುವಾರ ಪ್ರದರ್ಶನದ ಸಮಾರೋಪ. ಮೊದಲ ಸಹಿ ರವೀಂದ್ರರದು, ಎರಡು ಸಾಲು ಆವರಿಸುವಷ್ಟು ದೊಡ್ಡದು. ಆಮೇಲೆ ಇನ್ನೂರು ಜನ ನೂಕಾಡಿಕೊಂಡು ಹಾಕಿದರು. ಕೊನೆಗೆ ಮಂಚಮ್ಮನೂ ಬಂದು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು.

"ನಿನ್ನಂಗಡಿಗೆ ನೀನೇ ಬೀಗ ಜಡ್ಕಂಡಲ್ಲಮ್ಮೋ!" ಎಂದು ಮತ್ತೆ ಅದೇ ದನಿ.

"ಎಲ್ರೂ ಸಯಿ ಆಕುದ್ರಾ? ಇನ್ನು ಯಾರೂ ಒಡ್ದಾಕಂಗಿಲ್ಲ ತಾನೆ?" ಎಂದು ಕೇಳಿದಳು ಮಂಚಮ್ಮ.

"ಶಿಲಾಶಾಸನ ಕಣಮ್ಮ," ಎಂದರು ರವೀಂದ್ರರು.

ಅವಳು ಬಾಗಿಲ ಕಡೆಗೆ ಕೈಬೀಸಿದಳು. ಒಳಗೆ ಬಂದವನು ಸ್ಟುಡಿಯೋ ತಿಮ್ಮರಾಜು. ಆ ನಲವತ್ತು ಚಿತ್ರಗಳನ್ನೂ ತೆಗೆದವರು ಅವನ ತಂದೆ. ನೆಗೆಟಿವ್‌ಗಳನ್ನು ಎರವಲು ಒಯ್ದು, ಬೇರೆಲ್ಲೋ ಮುದ್ರಿಸಿ, ಹಿಂದಿರುಗಿಸಿದ ಸಮಿತಿ ಅವನಿಗೊಂದು ಕರೆಯೋಲೆಯನ್ನೂ ಕೊಟ್ಟಿರಲಿಲ್ಲ. ಅವನು ಹದಿನೇಳನೆಯ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಮುದ್ರಿಸಿದೋರು ಇದನ್ನ ಮಗುಚಿ ಇಟ್ಬುಟ್ಟವ್ರೆ, ಸಾರ್. ಸರಿಯಾಗಿ ಇಡಿದ್ರೆ ಇಂಗೆ."

ಸರಿಯಾಗಿ ಹಿಡಿದಾಗ ಅತ್ತೆಯ ಕೊಡುವ ಕೈ ಬಲಗೈಯಾಯಿತು, ಚಾಚಿದ ಕೈಯೂ ಬಲಗೈಯಾಯಿತು, ಪುರಿ ಅಂಗಡಿ ಛತ್ರದ ಬಲಕ್ಕೆ ಬಂದು ಕುಳಿತಿತು. ಬರಿಯ ಮಣ್ಣು ಎಡಕ್ಕೆ ಸರಿದು ಮೂರು ಅಂತಸ್ತಿನ ಕೆಳಗೆ ನಿಂತಿತು.

ಅರ್ಜಿಯ ಒಂದಕ್ಷರವನ್ನೂ ತಿದ್ದುವ ಅಗತ್ಯ ಬೀಳಲಿಲ್ಲ, ಮೊದಲ ಸಹಿಯೂ ಹಾಗೆಯೇ ಇದೆ. ಕೊನೆಯ ಹಾಳೆಯಲ್ಲಿ ಇನ್ನೂ ಜಾಗವಿದ್ದು ಅದು ಮಂಚಮ್ಮನ ಅಂಗಡಿಯಲ್ಲಿದೆ, ದಯಮಾಡಿ ಬಂದು ನಿಮ್ಮ ಸಹಿಯನ್ನೂ ಹಾಕಿ.