ಒಣಮೀನಿನ ಮೊಕದ್ದಮೆ

೨೦೦೬ರ ಆ ಶುಕ್ರವಾರ, ಕೊಲ್ಲಿ ದೇಶದ ಮುಐದರ್‌ನಲ್ಲಿ ಕನ್ನಡಿಗ ನೌಕರರು ಹಂಚಿಕೊಂಡಿದ್ದ ಬಾಡಿಗೆ ವಿಲ್ಲಾದಲ್ಲಿ ಇತಿಹಾಸವೇ ಉಸಿರು ಬಿಗಿಹಿಡಿದು ಕುಳಿತಿತ್ತು: ಅಡುಗೆಮನೆಯಲ್ಲಿ ಒಣಮೀನು ಹುರಿದ ಯಜ್ಞೇಶನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ, ಹೊರಗೆ ಹಾಕಬೇಕೇ ಎಂಬುದು ತೀರ್ಮಾನವಾಗಬೇಕಿತ್ತು. ಎಲ್ಲರಿಗೂ ಹಿರಿಯರಾದ ಮುನಿಯಪ್ಪನವರು ಸೋಫಾದ ಮೇಲೆ ನ್ಯಾಯಾಧೀಶರಾಗಿದ್ದರು. ದೂರು ಕೊಟ್ಟ ಮೈಸೂರಿನ ವಿನಯ್, ವಾಸನೆ ಹೋಗಿ ಎರಡು ದಿನವಾಗಿದ್ದರೂ, ಮೂಗಿಗೆ ಕರವಸ್ತ್ರ ಹಿಡಿದೇ ಕುಳಿತಿದ್ದ.

“ಸಾರಿ ಅಂದುಬಿಡು ಮಾರಾಯ, ಖಲಾಸ್,” ಎಂದು ಪಕ್ಕದ ಮಂಚದ ರೋಶನ್ ಪಿಸುಗುಟ್ಟಿದ.

ಯಜ್ಞೇಶ್ ಸಾರಿ ಅನ್ನಲಿಲ್ಲ. ಕೆಲಸಕ್ಕೆ ಮೆಸಯೀದ್‌ಗೆ ಹೋಗಿಬರುವ ಕಂಪನಿ ಬಸ್ಸಿನಲ್ಲಿ ಅವನು ಪ್ರಾಚೀನ ರೋಮಿನ ವಕೀಲರ ಭಾಷಣಗಳನ್ನು ಓದುತ್ತಿದ್ದ. ‘ಇದನ್ನು ನಾನು ಹೇಳುವುದಿಲ್ಲ’ ಎನ್ನುತ್ತಲೇ ಎಲ್ಲವನ್ನೂ ಹೇಳಿ ಮುಗಿಸುವ ಅವರ ವರಸೆ ಅವನಿಗೆ ಬಹಳ ಹಿಡಿಸಿತ್ತು. ಎದ್ದುನಿಂತು, ಸ್ನಾನದ ಬೈರಾಸನ್ನು ಆ ವಕೀಲರ ಮೇಲುವಸ್ತ್ರದಂತೆ ಎಡಹೆಗಲಿಗೆ ಇಳಿಬಿಟ್ಟು, ಬಲಗೈ ಮುಂದೆ ಚಾಚಿದ.

“ಮುನಿಯಪ್ಪಣ್ಣ, ಹುರಿದದ್ದು ನಾನೇ. ನಾಳೆಯೂ ಹುರಿಯುತ್ತೇನೆ. ನಾನು ಅನ್ನ ಬಡಿಸಿ ಬರುವಷ್ಟರಲ್ಲಿ ಪ್ಲೇಟಿನಲ್ಲಿದ್ದ ಮೀನು ಅರ್ಧ ಮಾಯ ಆಯಿತು ಅಂತ ನಾನು ಹೇಳುದಿಲ್ಲ. ಫ್ರಿಡ್ಜಿನ ಹಿಂದೆ ನಿಂತು ತಿಂದದ್ದು ಯಾರು ಅಂತಂತೂ ಹೇಳುದೇ ಇಲ್ಲ. ವಿನಯ್ ಸಾರ್ ಮರ್ಯಾದೆಯ ಪ್ರಶ್ನೆ!”

ಕರವಸ್ತ್ರ ಮೂಗಿನಿಂದ ಬಾಯಿಗೆ ಇಳಿಯಿತು. ಮುನಿಯಪ್ಪನವರು ಕನ್ನಡಕ ತೆಗೆದು ದೂರುದಾರನ ಕಡೆ ತಿರುಗಿದರು.

“ಏನಪ್ಪಾ ವಿನಯ್, ಉಪ್ಪು ಹೆಂಗಿತ್ತು?”

“ಸ್ವಲ್ಪ ಜಾಸ್ತಿ ಸಾರ್,” ಎಂದ ವಿನಯ್, ಯೋಚಿಸುವ ಮೊದಲೇ.

ದೂರು ವಜಾ ಆಯಿತು.